ಮುನ್ನಿ ಬೀ ‘ಒಲ್ಲೆ’ ಅಂದದ್ದು

ಅತ್ತೆ ಮುನ್ನಿ ಬೀಯ ಹೆಣಕ್ಕೆ ಸುತ್ತಿದ ಕಫನಿಗೆ ಕೊನೆಯ ಗಂಟು ಹಾಕಿ, ಕೈಯ ಕರ್ಪೂರದ ನೀರು ಆರುವ ಮುಂಚೆಯೇ ಮಹಜಬೀನ್ ಅಂಗಳಕ್ಕೆ ಬಂದಳು. ದುಪಟ್ಟಾ ಮುಂದಕ್ಕೆಳೆದುಕೊಂಡು, ಕುರ್ಚಿಗಳಲ್ಲಿ ಕೂತ ಗಂಡಸರ ನಡುವೆಯೇ ಹಾದು, ಗಂಡ ಅಲ್ತಾಫನ ಮುಂದೆ ನಿಂತಳು.

“ಖಬರಸ್ತಾನಕ್ಕ ಫೋನ್ ಹಚ್ರಿ. ಅಗಿಯೋದು ನಿಲ್ಲಸ್ರಿ ಅನ್ರಿ.”

ಅಲ್ತಾಫ ಅತ್ತಿತ್ತ ನೋಡಿದ. “ಸಣ್ಣಗ ಮಾತಾಡು. ಮಂದಿ ಅದಾರ.”

“ಮಂದಿ ಇದ್ದಾಗನ ಹೇಳಬೇಕು. ಮಣ್ಣು ಬಿದ್ದ ಮ್ಯಾಲ ಯಾರಿಗಿ ಹೇಳೋದು?”

“ಆತು, ನೋಡೂಣಂತ.”

ಇದು ಅಲ್ತಾಫನ ಹಳೆಯ ವರಸೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೆಟ್ಟವನಲ್ಲ. ಹದಿನೆಂಟು ತಿಂಗಳು ತಾಯಿಯನ್ನು ಎತ್ತಿ ಇಳಿಸಿದವನು, ಮಗ್ಗಲು ಬದಲಿಸಿದವನು. ಆದರೆ ನಾಲ್ಕು ಜನರೆದುರು ಅವನ ಬಾಯಿಂದ ಮಾತು ಹೊರಡಿಸುವುದೆಂದರೆ ಮರಳಿನಿಂದ ಎಣ್ಣೆ ಹಿಂಡಿದ ಹಾಗೆಯೇ ಸರಿ.

ಬಸವಕಲ್ಯಾಣದ ಖಬರಸ್ತಾನದಲ್ಲಿ ಮಾವ ಮೊಹಿನುದ್ದೀನರ ಗೋರಿಯ ಪಕ್ಕದ ಜಾಗ ಒಂಬತ್ತು ವರ್ಷದಿಂದ ಖಾಲಿ ಇತ್ತು. ಅದು ಮುನ್ನಿ ಬೀಗೆ ಎಂದು ಇಡೀ ಓಣಿಗೆ ಗೊತ್ತು. ಮುನ್ನಿ ಬೀ ಮಾತ್ರ ಅಲ್ಲಿ ಮಲಗಲು ಒಲ್ಲೆ ಅಂದಿದ್ದಳು. ಅಂದದ್ದು ಯಾವಾಗ? ಮಾತು ಹೋಗಿ, ಕೈಕಾಲು ಹೋಗಿ, ವರ್ಷ ದಾಟಿದ ಮೇಲೆ! ಓಣಿಯಲ್ಲಿ ಈ ಸಂಗತಿ ತಿಳಿದಿದ್ದವರು ಇಬ್ಬರೇ, ಮಗ ಮತ್ತು ಸೊಸೆ. ಮಧ್ಯಾಹ್ನದ ನಮಾಜಿಗೆ ಇನ್ನು ಎರಡು ತಾಸು ಉಳಿದಿತ್ತು. ಅಷ್ಟರೊಳಗೆ ಅತ್ತೆಯ ಮಾತು ನಡೆಸದಿದ್ದರೆ ಅದು ಎಂದಿಗೂ ನಡೆಯುವುದಿಲ್ಲ.

*

ಮುನ್ನಿ ಬೀ ಬಿದ್ದದ್ದು ರೊಟ್ಟಿ ಹಂಚಿನ ಮುಂದೆ. ಹುಮನಾಬಾದಿನ ಎರಡು ಖಾನಾವಳಿಗಳಿಗೆ ಅವಳ ಖಡಕ್ ರೊಟ್ಟಿ ಹೋಗುತ್ತಿತ್ತು. ಅವತ್ತು ಅರ್ಧ ಬಡಿದ ರೊಟ್ಟಿಯ ಮೇಲೆಯೇ ಕೈ ನಿಂತಿತು, ತಲೆ ವಾಲಿತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಇಪ್ಪತ್ತು ದಿನದ ನಂತರ ಕಣ್ಣು ಬಿಟ್ಟಳು, ಅಷ್ಟೇ. ಕರೆದರೆ ನೋಡಳು, ಚಿವುಟಿದರೆ ಅಲುಗಳು. ಮೂಗಿನ ನಳಿಗೆಯಲ್ಲಿ ಗಂಜಿ. ಒಳಗೆ ಅರಿವಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದು ವೈದ್ಯರು ಕಳಿಸಿದ್ದರು.

ಮಹಜಬೀನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನವಿಡೀ ಅತ್ತೆಯ ಜೊತೆ ಅವಳ ಹರಟೆ ನಡೆದೇ ಇತ್ತು. ನಲ್ಲಿಯಲ್ಲಿ ನೀರು ಬಂದದ್ದು, ಎದುರು ಮನೆಯ ಜಗಳ, ತಾನು ಮಾಡಿದ ರೊಟ್ಟಿ ಹರಿದದ್ದು, ಎಲ್ಲ ಹೇಳಬೇಕು. ನೆರೆಯ ಹೆಂಗಸರು ನಗುತ್ತಿದ್ದರು. “ನಸೀಬದಾಕಿ ನೀನು! ತಿರುಗಿ ಬೈಲಾರದ ಅತ್ತಿ ಸಿಕ್ಕಾಳ.” ಕೆಲವರು ‘ಹುಚ್ಚು ಹಿಡದದ’ ಎಂದೂ ಆಡಿಕೊಂಡರು. ಅವಳಿಗೂ ಒಮ್ಮೊಮ್ಮೆ ಹಾಗೇ ಅನಿಸಿ, ಒಲೆಯ ಮುಂದೆ ಕೂತು ಅತ್ತದ್ದುಂಟು.

ಒಂದು ದಿನ ರಾಜೇಶ್ವರದ ಕಿರಾಣಿ ಅಂಗಡಿಯ ಓಂಪ್ರಕಾಶರ ಮಗಳು ಸ್ನೇಹಲ್, ಮುನ್ನಿ ಬೀ ಬಿದ್ದದ್ದು ತಿಳಿಯದೆ, ತನ್ನ ತಂಗಿಯ ಮದುವೆಗೆ ರೊಟ್ಟಿ ಹೇಳಲು ಬಂದಳು. ಮಂಚದ ಮೇಲಿನ ಮುನ್ನಿ ಬೀಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಗಣಿತ ಓದಿದ ಹುಡುಗಿ. ಹೈದರಾಬಾದಿನಲ್ಲಿ ಭೌತಶಾಸ್ತ್ರದವರು, ಗಣಿತದವರು, ಮಿದುಳಿನ ವೈದ್ಯರು ಕೂಡಿ ನಡೆಸುತ್ತಿದ್ದ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದಳು. ಹೀಗೆ ಕಲ್ಲಿನಂತೆ ಮಲಗಿದ ಕೆಲವರ ಒಳಗೆ ಪೂರ್ಣ ಎಚ್ಚರ ಇರುತ್ತದೆ, ಅದನ್ನು ಮಿದುಳಿನ ಚಿತ್ರದಲ್ಲಿ ಹುಡುಕುವುದೇ ಅವರ ಕೆಲಸ.

“ನಮ್ಮ ರಕ್ತದಾಗ ಕಬ್ಬಿಣ ಅದ ಭಾಬಿ,” ಎಂದು ಅವಳು ಬಿಡಿಸಿ ಹೇಳಿದ್ದಳು. “ಮಿದುಳಿನ ಯಾವ ಜಾಗ ಕೆಲಸ ಮಾಡ್ತದೋ ಅಲ್ಲಿಗಿ ರಕ್ತ ಓಡ್ತದ. ದೊಡ್ಡ ಅಯಸ್ಕಾಂತಕ್ಕ ಅದರ ಸುಳಿವು ಹತ್ತತದ. ಆದ್ರ ಸುಳಿವು ಭಾಳ ಸಣ್ಣದು, ಬಸ್ ಸ್ಟ್ಯಾಂಡಿನ ಗದ್ದಲದಾಗ ಒಬ್ಬರು ಪಿಸುಗುಟ್ಟಿದಂಗ. ಆ ಪಿಸುಮಾತು ಹೆಕ್ಕಿ ತಗಿಯೋದು ನನ್ನ ಗಣಿತ.”

ಆಂಬ್ಯುಲೆನ್ಸಿನಲ್ಲಿ ಹೈದರಾಬಾದಿಗೆ ಹೋದರು. ಅಲ್ಲಿ ಒಂದು ತೊಡಕು. ‘ಹೌದು’ ಅನ್ನಬೇಕಾದರೆ ಟೆನ್ನಿಸ್ ಆಡಿದ ಹಾಗೆ ನೆನೆಸಿಕೊಳ್ಳಬೇಕು, ‘ಇಲ್ಲ’ ಅನ್ನಬೇಕಾದರೆ ಮನೆಯೊಳಗೆ ಅಡ್ಡಾಡಿದ ಹಾಗೆ. ಬೇರೆ ದೇಶದ ರೋಗಿಗಳಿಗೆ ಹಾಗೇ ಕೇಳಿದ್ದರಂತೆ.

ಮಹಜಬೀನ್‌ಗೆ ಆ ಆತಂಕದಲ್ಲೂ ನಗು ತಡೆಯಲಾಗಲಿಲ್ಲ. “ಟೆನ್ನಿಸಾ? ಯವ್ವಾ, ನಮ್ಮತ್ತಿ ಅದನ್ನ ತಿನ್ನೋ ಪದಾರ್ಥ ಅಂದುಕೊಂಡಾಳು! ರೊಟ್ಟಿ ಬಡಿ ಅನ್ರಿ. ಕೈ ಹೆಂಗ ಓಡ್ತಾವ ನೋಡ್ರಿ.”

ಹಿರಿಯ ವಿಜ್ಞಾನಿಯೊಬ್ಬರು ಪ್ರಬಂಧದಲ್ಲಿ ರೊಟ್ಟಿಯನ್ನು ಏನೆಂದು ಬರೆಯುವುದು ಎಂದು ತಲೆ ಕೆರೆದುಕೊಂಡರು. ಕೊನೆಗೆ ಒಪ್ಪಿದರು. ಯಂತ್ರದೊಳಗಿದ್ದ ಮುನ್ನಿ ಬೀಯ ಕಿವಿಗೆ ಸೊಸೆಯ ದನಿಯನ್ನೇ ಬಿಟ್ಟರು. “ಅಮ್ಮಿ, ನಾ ಹೇಳೋದು ಕೇಳಸ್ತದೇನ್ರಿ? ಕೇಳಿಸಿದ್ರ ರೊಟ್ಟಿ ಬಡೀರಿ. ಬಡೀರಿ ಅಮ್ಮಿ, ಮದುವಿ ಮನಿ ರೊಟ್ಟಿ, ಜಲ್ದಿ ಅದ.”

ಪರದೆಯ ಮೇಲೆ ಮಿದುಳಿನ ಬೂದು ಚಿತ್ರ. ತುಸು ಹೊತ್ತಿನ ನಂತರ ಅದರ ನೆತ್ತಿಯ ಹತ್ತಿರ, ಕೈಗಳನ್ನು ಆಡಿಸುವ ಜಾಗದಲ್ಲಿ, ಕೆಂಪು ಮೂಡಿತು. ನಿಲ್ಲಿಸಿ ಅಂದಾಗ ಹೋಯಿತು. ಬಡೀರಿ ಅಂದಾಗ ಮತ್ತೆ ಬಂತು. ಮಹಜಬೀನ್‌ಳ ಹರಟೆಯಷ್ಟನ್ನೂ ಅತ್ತೆ ಕೇಳಿಸಿಕೊಂಡಿದ್ದಳು! ಎದುರು ಮನೆಯ ಜಗಳ, ಹರಿದ ರೊಟ್ಟಿ, ಒಂದೂ ಬಿಡದ ಹಾಗೆ.

*

“ಗಂಡನ ಮಗ್ಗಲು ಬಿಟ್ಟು ತವರಿಗೇನು?” ಅಂಗಳದಲ್ಲಿ ಮುನ್ನಿ ಬೀಯ ಆಸೆ ಕೇಳಿ ಸೈಫುದ್ದೀನ್ ಚಾಚಾ ಕುರ್ಚಿಯಿಂದ ಎದ್ದೇಬಿಟ್ಟರು. ಸತ್ತ ಮೊಹಿನುದ್ದೀನರ ತಮ್ಮ, ಮನೆತನಕ್ಕೆ ಈಗ ಹಿರಿಯರು. “ಊರು ಏನಂದೀತು? ನಮ್ಮಣ್ಣ ಅಕಿಗಿ ಏನ್ ಕಮ್ಮಿ ಮಾಡಿದ್ದ?”

“ಏನೂ ಕಮ್ಮಿ ಮಾಡಿಲ್ರಿ ಚಾಚಾ. ಅವರ ಮ್ಯಾಲ ದೂರಿಲ್ಲ. ಅಮ್ಮಿಗಿ ಘಾಟಬೋರಾಳದಾಗ, ಅವರ ತಾಯಿ ಹತ್ರ ಮಲಗಬೇಕಾಗ್ಯದ. ಕೇಳೇವಿ, ಹೇಳ್ಯಾರ.”

“ಹೇಳ್ಯಾಳ! ಯಾವ ಬಾಯಿಲೆ?”

ಅಷ್ಟರಲ್ಲಿ ಸ್ನೇಹಲ್ ಬಂದಳು. ನಸುಕಿನಲ್ಲಿ ಸುದ್ದಿ ತಿಳಿದು ಹೈದರಾಬಾದಿನಿಂದ ನೇರ ಬಂದವಳು. ಮೊದಲು ಒಳಗೆ ಹೋಗಿ ಮುನ್ನಿ ಬೀಯ ಮುಖ ನೋಡಿ ಕೈಮುಗಿದು, ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದಳು. ಕೈಯಲ್ಲಿ ಆ ಸಂಶೋಧನೆಯ ಪ್ರಬಂಧದ ಪ್ರತಿ ಇತ್ತು. ಅದರಲ್ಲಿ ಹೆಸರಿಲ್ಲ, ‘ಏಳನೇ ರೋಗಿ’ ಎಂದಷ್ಟೇ ಇದೆ. ಹನ್ನೊಂದು ಜನರನ್ನು ಕೇಳಿದ್ದರು, ಉತ್ತರ ಕೊಟ್ಟವರು ಮೂವರು.

“ಮೊದಲ ನಮಗ ಗೊತ್ತಿದ್ದ ಪ್ರಶ್ನಿ ಕೇಳಿದ್ವಿರಿ,” ಅಂದಳು. “ನಿಮಗ ಅಣ್ಣ ಒಬ್ಬನೇ ಏನು, ನಿಮ್ಮ ಊರು ಬೀದರ್ ಏನು, ಅಂತ. ಎಲ್ಲಾ ಬರೋಬರಿ ಹೇಳಿದ್ರು. ಆಮ್ಯಾಲ ಮಣ್ಣಿನ ಪ್ರಶ್ನಿ ಎರಡು. ಒಂದೊಂದು ಐದೈದು ಸಲ, ಎರಡು ದಿನ, ಹಿಂದ ಮುಂದ ಮಾಡಿ ಕೇಳೇವಿ. ಐದು ಸಲನೂ ಗಂಡನ ಪಕ್ಕಕ್ಕ ಇಲ್ಲ, ಐದು ಸಲನೂ ತಾಯಿ ಪಕ್ಕಕ್ಕ ಹೌದು. ಸುಮ್ನ ನಾಣ್ಯ ಚಿಮ್ಮಿ ಹತ್ತೂ ಸಲ ಹಿಂಗ ಬೀಳಬೇಕಂದ್ರ ಸಾವಿರದಾಗ ಒಮ್ಮಿ ಬಿದ್ದೀತು.”

“ಬಿತ್ತಲ್ಲ ಒಮ್ಮಿ!” ಸೈಫುದ್ದೀನ್ ಚಾಚಾ ಬಿಡಲಿಲ್ಲ. “ತಂಗೀ, ನೀ ಶಾಣ್ಯಾಕಿ, ಖರೇ. ಆದ್ರ ಮಷಿನ್ ಗವಾಹಿ-ಸಾಕ್ಷಿ ಹೇಳಲಾಕ ಬರಂಗಿಲ್ಲ. ಸುಮ್ಮನ ಮಲಗಿದಾಕಿ ಸುಮ್ಮನ ಹೋದಳು. ಸುಮ್ಮನಿದ್ದವರ ಮಾತಿಗಿ ಹಿರಿಯರ ಮಾತೇ ಮಾತು.”

ನಾಲ್ಕಾರು ತಲೆಗಳು ಹೌದೆಂದು ಅಲ್ಲಾಡಿದವು. ಆ ಒಂದು ಮಾತು, ಸುಮ್ಮನಿದ್ದವರ ಮಾತು ಅನ್ನುವುದು, ಮಹಜಬೀನ್‌ಳ ಎದೆಗೆ ಹೋಗಿ ನಾಟಿತು.

*

ಘಾಟಬೋರಾಳದಲ್ಲಿ ಹದಿನಾರನೇ ವಯಸ್ಸಿಗೆ ಆದ ತನ್ನ ನಿಕಾಹಿನ ಕತೆಯನ್ನು ಮುನ್ನಿ ಬೀ ಹಿಟ್ಟು ನಾದುತ್ತ ನಗುನಗುತ್ತಲೇ ಹೇಳುತ್ತಿದ್ದಳು. ಸಾಕ್ಷಿಗಳು ಪರದೆಯ ಆಚೆ ನಿಂತು, ಒಪ್ಪಿಗೆಗಾಗಿ, ಕಬೂಲ್ ಏನಮ್ಮ ಎಂದು ಕೇಳಿದರು. ಎರಡನೇ ಸಲ ಕೇಳಿದರು, ಮೂರನೇ ಸಲ ಕೇಳಿದರು. ಹುಡುಗಿ ಬಾಯಿ ಬಿಡಲಿಲ್ಲ. ಹಿಂದೆ ಕೂತಿದ್ದ ಚಿಕ್ಕಮ್ಮ ತಲೆ ಹಿಡಿದು ಒತ್ತಿದಳು. ತಲೆ ಬಾಗಿತು. ಹೊರಗೆ ಖರ್ಜೂರ ಹಂಚಿದರು.

“ನಾ ಇನ್ನಾ ವಿಚಾರ ಮಾಡಾಕತ್ತಿದ್ದೆ ನೋಡವ್ವ!” ಅನ್ನುತ್ತಿದ್ದಳು. “ಅಷ್ಟರಾಗ ಮದುವಿನೇ ಆಗಿಹೋಗಿತ್ತು.”

ಮೊಹಿನುದ್ದೀನ್ ಒಳ್ಳೆಯ ಗಂಡ. ಬೈದವನಲ್ಲ, ಹೊಡೆದವನಲ್ಲ. ಒಂದೇ ಚಟ, ಹೆಂಡತಿಯನ್ನು ಏನು ಕೇಳಿದರೂ ಉತ್ತರ ಅವನೇ ಕೊಡುತ್ತಿದ್ದ. ಆರಾಮೇನು ಮುನ್ನಿ ಅಂದರೆ, ‘ಆರಾಮ ಅದಾಳ.’ ತರಕಾರಿಯವಳು ಬದನೆಕಾಯಿ ಬೇಕೇನಮ್ಮ ಅಂದರೆ, ‘ಅಕಿಗಿ ಬದನಿಕಾಯಿ ಸೇರಂಗಿಲ್ಲ.’ ಮುನ್ನಿ ಬೀಗೆ ಬದನೆಕಾಯಿ ಪ್ರಾಣ! ನಲವತ್ತು ವರ್ಷ ಅವಳು ಅದನ್ನು ಹೇಳಲಿಲ್ಲ, ಯಾಕೆಂದರೆ ಯಾರೂ ಅವಳನ್ನು ಕೇಳಲಿಲ್ಲ.

ಒಂದು ಸಂಗತಿಗೆ ಮಾತ್ರ ಅವಳು ನಗುತ್ತಿರಲಿಲ್ಲ. ಅಲ್ತಾಫ ಹೊಟ್ಟೆಯಲ್ಲಿದ್ದಾಗ ತಾಯಿ ತೀರಿಕೊಂಡ ಸುದ್ದಿ ಬಂತು. ಕರೆಯಲು ಬಂದವನಿಗೆ ಗಂಡ ಬಾಗಿಲಲ್ಲೇ ಹೇಳಿ ಕಳಿಸಿದ: “ಇಂಥಾ ಬಿಸಿಲಾಗ ಬಸುರಿ ಹೆಂಗ ಬಂದಾಳು? ಅಕಿ ಒಲ್ಲಳು.” ಒಳಗೆ ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಳು.

*

“ಚಾಚಾ, ಒಂದು ಮಾತು ಕೇಳ್ತೇನ್ರಿ, ದೊಡ್ಡವರಿಗಿ ಬೇಅದಬಿ ಮಾಡಿದಳು ಅನಬ್ಯಾಡ್ರಿ.” ಮಹಜಬೀನ್ ಒಂದು ಹೆಜ್ಜೆ ಮುಂದೆ ಬಂದಳು. “ನಿಕಾಹದಾಗ ಅಮ್ಮಿ ಸುಮ್ಮನ ಕೂತಿದ್ರು. ಮೂರು ಸಲ ಕೇಳಿದ್ರೂ ಬಾಯಿ ಬಿಡಲಿಲ್ಲ. ಅವತ್ತ ಅವರ ಸುಮ್ಮನಿರೋದನ್ನ ಹೌದು ಅಂತ ಬರಕೊಂಡ್ರಿ. ಅದು ನಡೀತು. ಈಗ ಹತ್ತು ಸಲ ಕೇಳಿದ್ರ ಹತ್ತು ಸಲ ಉತ್ತರ ಕೊಟ್ಟಾರ, ಅದು ನಡಿಯಂಗಿಲ್ಲೇನು? ಅವರು ಸುಮ್ಮನಿದ್ರ ಹೌದು, ಮಾತಾಡಿದ್ರ ಇಲ್ಲ, ಇದ್ಯಾವ ನ್ಯಾಯರಿ?”

ಒಳಗಿನ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಇವಳನ್ನು ಹುಚ್ಚಿ ಅಂದವರೂ ಅವರಲ್ಲಿದ್ದರು.

ಅದುವರೆಗೆ ತಸ್ಬೀಹ್ ಮಣಿ ಎಣಿಸುತ್ತ ಕೂತಿದ್ದ ಖಾಜಾ ಮೌಲ್ವಿಸಾಬರು ತಲೆ ಎತ್ತಿದರು. ಸತ್ತವರಿಗಾಗಿ ಮಾಡುವ ಜನಾಜಾ ನಮಾಜು ಮಾಡಿಸಬೇಕಾದವರು ಅವರು. “ಮೂಕರ ಇಶಾರಾ ಮಾತಿಗಿ ಬರೋಬರಿ ಅಂತ ಓದೇವಿ,” ಅಂದರು ನಿಧಾನಕ್ಕೆ. “ಕೈಲೆ ಆದ್ರೂ ಇಶಾರಾ, ಕಣ್ಣಿಲೆ ಆದ್ರೂ ಇಶಾರಾ. ಇದು ಮನಸಿನ ಇಶಾರಾ. ನಮಾಜಿನ ನಿಯ್ಯತ್, ಸಂಕಲ್ಪ ಎಲ್ಲಿರ್ತದ, ನಾಲಿಗಿ ಮ್ಯಾಲೇನು? ಮನಸಿನಾಗ. ಅಲ್ಲಾಹ್ ಕೇಳೋದನ್ನ ಈ ಹುಡುಗೇರು ಒಂದೀಟು ಕೇಳಿಸಿಕೊಂಡಾರ, ಅಷ್ಟ. ಘಾಟಬೋರಾಳ ಏನು ಪರದೇಶ ಅಲ್ಲ. ಆದ್ರ ಅಕಿ ಮಗ ಇಲ್ಲೇ ಕೂತಾನ. ಅವ ಏನಂತಾನ?”

ಎಲ್ಲರೂ ಅಲ್ತಾಫನ ಕಡೆ ತಿರುಗಿದರು. ‘ನೋಡೂಣಂತ’ ಅಂದನೋ, ಮುಗಿಯಿತು.

ಅಲ್ತಾಫ ಎದ್ದು ನಿಂತ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

“ಆ ಪ್ರಶ್ನಿ ಕೇಳಿದವ ನಾನೇ ಚಾಚಾ,” ಅಂದ. “ಹೌದು ಅಂತಾಳಂತ ಗ್ಯಾರಂಟಿ ಮ್ಯಾಲೇ ಕೇಳಿದ್ದೆ. ಅಮ್ಮಿ, ಅಬ್ಬಾನ ಹತ್ರ ಮಲಗ್ತಿಯಲ್ಲ ಅಂದೆ. ಒಲ್ಲೆ ಅಂದಳು. ನನಗ ಸಿಟ್ಟು ಬಂತು, ಮಷಿನ್ ಕೆಟ್ಟದ ಅಂದೆ. ಮತ್ತ ಕೇಳಿದ್ರು, ಮತ್ತ ಒಲ್ಲೆ ಅಂದಳು. ಆಮ್ಯಾಲ ಮಹಜಬೀನ್ ‘ನಿಮ್ಮ ತಾಯಿ ಹತ್ರ ಏನ್ರಿ’ ಅಂತ ಕೇಳಿದಳು, ಅದಕ್ಕ ಅಮ್ಮಿ ಹೌದು ಅಂದಳು. ಮೂರು ತಿಂಗಳಾತು, ಅಬ್ಬಾಗ ಅವಮಾನ ಆಗ್ತದಂತ ಹೊಟ್ಟ್ಯಾಗ ಇಟಗೊಂಡೀನಿ.” ಅವನು ತಾಯಿ ಮಲಗಿದ್ದ ಕೋಣೆಯ ಕಡೆ ತಿರುಗಿದ. “ಅವ್ವ ಅನ್ನಾಕಿ ನಲವತ್ತೈದು ವರ್ಷ ನನಗ ಏನೂ ಬೇಡಲಿಲ್ಲ. ಇದೊಂದು ಬೇಡ್ಯಾಳ. ಕೊಡತೇನಿ.”

ಸೈಫುದ್ದೀನ್ ಚಾಚಾ ಮತ್ತೆ ಕುರ್ಚಿಯಲ್ಲಿ ಕೂತರು. “ಅಲ್ಲಿ ಅರ್ಧಕ್ಕರ್ಧ ಅಗದಾರ,” ಅಂದರು ಕೊನೆಗೆ. “ತೋಡಿದ ಖಬರ್ ಖಾಲಿ ಬಿಡಬಾರದು.”

“ಮುಚ್ಚಲಾಕ ಹೇಳ್ತೇನ್ರಿ,” ಅಂದ ಅಲ್ತಾಫ.

“ಮುಚ್ಚಸು. ಗುರುತಿಗಿ ಒಂದು ಕಲ್ಲು ಇಡಲಾಕ ಹೇಳು. ಆ ಜಾಗ ನನಗಿರ್ಲಿ.” ಮುದುಕರು ಹೆಗಲ ಮೇಲಿನ ರುಮಾಲಿನಿಂದ ಮೂಗು ಒರೆಸಿಕೊಂಡರು. “ಸಣ್ಣಂವ ಇದ್ದಾಗಿಂದ ಅಣ್ಣನ ಪಕ್ಕ ಮಲಗಿದವ ನಾನು. ಅವನ ಗೊರಕಿ ನನಗ ರೂಢಿ ಅದ.”

ಸಾವಿನ ಮನೆ ಎಂಬುದನ್ನೂ ಮರೆತು ಯಾರೋ ಫಕ್ಕನೆ ನಕ್ಕರು. ಅಲ್ತಾಫ ಆಗಲೇ ಘಾಟಬೋರಾಳಕ್ಕೆ, ಸೋದರಮಾವನ ಮಗ ಏಜಾಜ್‌ಗೆ ಫೋನು ಹಚ್ಚಿದ್ದ. ಸೋದರತ್ತೆಯ ಸುದ್ದಿ ಕೇಳಿದ ಅವನ ದನಿ ಅಂಗಳಕ್ಕೆಲ್ಲ ಕೇಳಿಸಿತು: “ಫೂಫಿ ಬರಾಕತ್ತಾಳಾ? ನಮ್ಮ ಊರಿಗಾ?” ಮಹಜಬೀನ್ ಬಾಗಿಲ ಚೌಕಟ್ಟಿಗೆ ಆತು ನಿಂತು, ಆಗ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ಗೆದ್ದ ಅಳು ಅದು. ಸ್ನೇಹಲ್ ಅವಳ ಒದ್ದೆ ಕೈ ಹಿಡಿದುಕೊಂಡಳು.

ನಮಾಜು ಮುಗಿಸಿ ಮುನ್ನಿ ಬೀ ಮಲಗಿದ್ದ ಜನಾಜಾ ಎತ್ತಿದರು. ಹೆಂಗಸರೆಲ್ಲ ಮಾಳಿಗೆ ಹತ್ತಿದರು. ಓಣಿಯ ಕೊನೆಯಲ್ಲಿ ಬಲಕ್ಕೆ ಖಬರಸ್ತಾನ, ಎಡಕ್ಕೆ ಗಾಡಿ ನಿಂತಿದ್ದ ಹುಮನಾಬಾದಿನ ರಸ್ತೆ. ಈ ಓಣಿಯಿಂದ ಹೊರಟ ಜನಾಜಾ ಇಷ್ಟು ವರ್ಷ ತಿರುಗಿದ್ದು ಬಲಕ್ಕೇ. ಗುಂಪಿನ ಕಾಲುಗಳು ರೂಢಿಯಂತೆ ಬಲಕ್ಕೆ ಹೊರಳಿದವು. ಮುಂದಿನ ಕೋಲಿಗೆ ಹೆಗಲು ಕೊಟ್ಟಿದ್ದ ಅಲ್ತಾಫ ನಿಂತಲ್ಲೇ ನಿಂತ.

“ಎಡಕ್ಕ!” ಎಂದು ಕೂಗಿದ. ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಓಣಿ ಕೇಳಿರಲೇ ಇಲ್ಲ. “ಅಮ್ಮಿ ಎಡಕ್ಕ ಅಂದಾಳ! ಎಡಕ್ಕ ನಡೀರಿ!”

ಜನಾಜಾ ಗಾಳಿಯಲ್ಲಿ ಒಮ್ಮೆ ತೂಗಿತು. ಆಮೇಲೆ ನಲವತ್ತು ಬಿಳಿ ಟೋಪಿಗಳು ಅದರ ಹಿಂದೆ ಎಡಕ್ಕೆ ತಿರುಗಿದವು.