ಕೆಮ್ಮಿನ ತಾಳ

ಕಾರಿನಲ್ಲಿ ಕುಳಿತು ಹಾಡಿಗೆ ತಲೆದೂಗುವ ನೀವು, ಅದು ಯಾರ ಎದೆಯಿಂದ ಕಿತ್ತು ತಂದದ್ದೆಂದು ಒಮ್ಮೆಯಾದರೂ ಕೇಳಿದ್ದೀರಾ?

ಅಮೆರಿಕದ ಕೆಂಟಕಿಯ ಕಲ್ಲಿದ್ದಲ ಕಣಿವೆಯಲ್ಲಿ ಆರ್ಫಾ ಟ್ಯಾಕೆಟ್ಟಳ ಅಪ್ಪ ಹೋಬರ್ಟ್, ಶ್ವಾಸಕೋಶದ ತುಂಬ ಗಣಿಯ ದೂಳು ಹೊತ್ತು, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಕುಳಿತಿರುತ್ತಿದ್ದ. ಎರಡು ಸಣ್ಣ ಕೆಮ್ಮು, ಒಂದು ಉದ್ದನೆಯದು, ಬಳಿಕ ಉಸಿರಿಗಾಗಿ ತಡಕಾಟ. ಆ ಲಯಕ್ಕೇ ಗಿಟಾರ್ ಮೀಟುತ್ತ ಅವಳು ಹಾಡು ಕಟ್ಟಿದ್ದಳು. ಕೊನೆಯ ಸಾಲೊಂದು ಮಾತ್ರ ಒದಗಿರಲಿಲ್ಲ.

"ಮುಗಿಸಿದ್ಮೇಲೆ ಮೊದ್ಲು ನಂಗೇ ಹಾಡ್ಬೇಕು, ತಿಳೀತಾ?" ಎಂದಿದ್ದ ಹೋಬರ್ಟ್. "ಆಮೇಲೆ ಗೋರಿ ಮುಂದೆ ನಿಂತ್ಕೊಂಡು ಕಿರುಚಿದ್ರೆ ನಂಗೇನ್ ಕೇಳ್ಸುತ್ತಾ?"

ಆ ಒಂದು ಸಾಲಿಗಾಗಿ ಅವಳು ಹಾಡಿನ ಉದ್ಯಮದ ಊರಾದ ನ್ಯಾಶ್‌ವಿಲ್ಲಿಗೆ ಹೋದದ್ದೇ ತಪ್ಪಾಯಿತು. ಅಲ್ಲಿ ಗೀತಕಾರರು ಒಂದು ಕೋಣೆಯಲ್ಲಿ ಕೂಡಿ ಬರೆಯುತ್ತಾರೆ. ಬಾಗಿಲು ಮುಚ್ಚಿದಾಗ ಒಳಗಿದ್ದವರೆಲ್ಲರೂ ಆ ಹಾಡಿನ ಸಮಾನ ಕರ್ತೃಗಳು, ಒಂದು ಪದ ಕೊಟ್ಟವನೂ, ಏನೂ ಕೊಡದೆ ಕಾಫಿ ಹೀರಿದವನೂ. ಬಹುತೇಕ ಮುಗಿದ ಹಾಡನ್ನು ಆ ಕೋಣೆಗೆ ಒಯ್ಯಬಾರದು. ಆರ್ಫಾ ಒಯ್ದಳು.

ಹೆಸರಾಂತ ಗೀತಕಾರ ಡ್ಯಾಬ್ನಿ ಪ್ರೂಯಿಟ್ ಬೂಟುಗಾಲನ್ನು ಮೇಜಿನ ಮೇಲಿಟ್ಟು ಹಾಡು ಕೇಳಿದ. ಅವನ ಜೊತೆಗಾರ ರಸ್ಕ್ ಫೋನು ನೋಡುತ್ತಿದ್ದ.

"ರಾಗ ಚಿನ್ನ ಕಣೇ ಹುಡುಗಿ! ಆದ್ರೆ ಈ ಕೆಮ್ಮು, ಕೊಳವೆ ಎಲ್ಲ ಯಾಕೆ? ಬಿಯರ್ ಹಿಡ್ಕೊಂಡೋನು ಇದಕ್ಕೆ ಕುಣೀತಾನಾ?" ಎಂದ ಡ್ಯಾಬ್ನಿ.

"ಇದು ಕುಣಿಯೋಕಲ್ಲ ಸ್ವಾಮಿ. ನಮ್ಮಪ್ಪಂಗೆ."

"ಅಪ್ಪನ್ನ ಟ್ರಕ್ ಮಾಡ್ಬಿಡೋಣ," ಎಂದ ರಸ್ಕ್, ತಲೆಯೆತ್ತದೆ. "ಹಳೇ ಟ್ರಕ್ಕೂ ಕೆಮ್ಮುತ್ತಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆರ್ಫಾ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಎದ್ದು ಹೊರಟಳು. ಆದರೆ ಬಾಗಿಲು ಆಗಲೇ ಒಮ್ಮೆ ಮುಚ್ಚಿಯಾಗಿತ್ತು. ಮೂವರದಾದ ಹಾಡನ್ನು ತಡೆಯುವ ಹಕ್ಕು ಅವಳೊಬ್ಬಳಿಗೆ ಉಳಿದಿರಲಿಲ್ಲ. ಅವರು ಕೆಮ್ಮಿನ ತಾಳವನ್ನು ಹಾಗೇ ಇಟ್ಟು, ಅಪ್ಪನ ಜಾಗದಲ್ಲಿ ಟ್ರಕ್ಕು ಕೂರಿಸಿ ಹಾಡು ಮುಗಿಸಿ, ಕೋಣೆಯ ಕಟ್ಟಳೆಯಂತೆ ಅವಳ ಹೆಸರನ್ನೂ ಸೇರಿಸಿದರು. ಕದ್ದಿದ್ದರೆ ಕಳ್ಳರೆಂದಾದರೂ ಬಯ್ಯಬಹುದಿತ್ತು. ಈ ಶಿಸ್ತಿನ ಪ್ರಾಮಾಣಿಕತೆಯೇ ಅವಳಿಗೆ ಹೆಚ್ಚು ಹೇಸಿಗೆ ತಂದಿತು.

ಊರಿಗೆ ಮರಳಿದ ಮೇಲೂ ಸಾಲು ಒದಗಲಿಲ್ಲ. ಅಪ್ಪನ ತಟ್ಟೆಗೆ ಮೆಕ್ಕೆಜೋಳದ ರೊಟ್ಟಿ ಮುರಿದು ಹಾಕುತ್ತಿದ್ದಾಗಲೇ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಆ ಟ್ರಕ್ಕಿನ ಹಾಡು ಬಂತು. ಹೋಬರ್ಟ್ ತಿನ್ನುವುದನ್ನು ನಿಲ್ಲಿಸಿದ.

"ಅದು ನನ್ ಕೆಮ್ಮಲ್ವೇನೇ?"

"ಹೂಂ ಅಪ್ಪ."

"ಇಷ್ಟು ವರ್ಷ ಗಣೀಲಿ ಕಲ್ಲಿದ್ದಲು ತುಂಬ್ದೆ. ಈಗ ನನ್ನೇ ಟ್ರಕ್ಕಿಗೆ ತುಂಬ್ಬಿಟ್ರಲ್ಲೇ!"

ನಗಲು ಹೋಗಿ ಅವನಿಗೆ ಉಸಿರು ಸಿಕ್ಕಿಕೊಂಡಿತು. ಆರ್ಫಾ ರೇಡಿಯೋ ಆರಿಸಿ, ಅಲ್ಲೇ ಒಲೆಯ ಪಕ್ಕ ಕುಳಿತು ತನ್ನ ಹಾಡನ್ನು ಹಾಡಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಆ ಖಾಲಿ ಜಾಗದಲ್ಲಿ ಹೋಬರ್ಟ್ ಕೆಮ್ಮಿದ: ಎರಡು ಸಣ್ಣದು, ಒಂದು ಉದ್ದನೆಯದು.

"ಮುಗೀತಲ್ಲ," ಎಂದ, ಕೊಳವೆ ಸರಿಪಡಿಸಿಕೊಳ್ಳುತ್ತ. "ಇನ್ನೇನು ಬರೀತೀಯ, ಬಿಡು."

ಅವಳು ಇಂದಿಗೂ ಚಿಕ್ಕಪುಟ್ಟ ಸಭಾಂಗಣಗಳಲ್ಲಿ ಅದನ್ನು ಹಾಗೆಯೇ, ಕೊನೆಯ ಸಾಲನ್ನು ಖಾಲಿ ಬಿಟ್ಟು, ಹಾಡುತ್ತಾಳೆ. ಹಿಂದಿನ ಸಾಲಿನಿಂದ ಯಾರಾದರೂ "ಏ, ಟ್ರಕ್ಕಿಂದು ಹಾಡಮ್ಮಾ!" ಎಂದು ಕೂಗಿಯೇ ಕೂಗುತ್ತಾರೆ.

ನೀವಲ್ಲಿದ್ದರೆ ಅವನನ್ನು ಸುಮ್ಮನಾಗಿಸಿ. ಕೊನೆಯ ಸಾಲಿನ ಜಾಗದಲ್ಲಿ ಅವಳು ನಿಂತಾಗ, ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಅದು ಅವಳಪ್ಪನ ಪಾಲು, ಅವನಿಗೇ ಬಿಡಿ.