ಕಂಬದ ಮಾಮನ ಮೀಸೆ

ಮೂರನೇ ತರಗತಿಯವರು ನನಗೆ ಜೀವವಿಲ್ಲ ಎಂದು ತೀರ್ಮಾನಿಸಿದಾಗ ನಾನು ಶಾಲೆಯ ಗೇಟಿನ ಬಳಿ ಕುರ್ಚಿಯಲ್ಲಿ ಕೂತು ಕಾವಲು ಕಾಯುತ್ತಿದ್ದೆ. ಕಣ್ಣು ಮುಚ್ಚಿತ್ತು, ನಿಜ. ತೆರೆದಿದ್ದರೆ ಗಮನ ಅತ್ತಿತ್ತ ಹೋಗುತ್ತದೆ. ಹಾಗೆ ಕೂತರೆ ನಾನು ಅಲುಗಾಡುವವನಲ್ಲ. ಒಮ್ಮೆ ಬಳ್ಳಿಯೊಂದು ಕುರ್ಚಿಯ ಕಾಲು ಹತ್ತಿ ಬಂದು ನನ್ನ ಮಂಡಿಯ ಮೇಲೆ ಹೂ ಬಿಟ್ಟಿತ್ತು. ಮಕ್ಕಳು ನನ್ನನ್ನು ಕಂಬದ ಮಾಮ ಎನ್ನುವುದು ಅದಕ್ಕೇ.

ಅವರ ಟೀಚರ್ ನನ್ನ ಅಣ್ಣನ ಮಗಳು. ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಅಂಗಳಕ್ಕೆ ಬಿಟ್ಟು, ಮುಟ್ಟಿ ನೋಡಿ, ಮೂಸಿ ನೋಡಿ, ಯಾವುದಕ್ಕೆ ಜೀವವಿದೆ ಯಾವುದಕ್ಕಿಲ್ಲ ನೀವೇ ಹೇಳಿ ಎನ್ನುವುದು ಅವಳ ಪಾಠ. ಹೆಡ್‌ಮಿಸ್‌ಗೆ ಇದು ಹಿಡಿಸಿರಲಿಲ್ಲ. ಇವತ್ತು ಬಂದು ನೋಡುತ್ತೇನೆ, ಬರೀ ಆಟ ಅನಿಸಿದರೆ ನಾಳೆಯಿಂದ ಎಲ್ಲರೂ ಒಳಗೇ ಎಂದಿದ್ದರು. ಆ ಚಿಂತೆಯಲ್ಲಿ ಹುಡುಗಿ ಬೆಳಿಗ್ಗೆ ತಿಂಡಿಯನ್ನೂ ಮುಟ್ಟಿರಲಿಲ್ಲ.

ಇರುವೆ, ಕಲ್ಲು, ಗರಿಕೆ ಮುಗಿಸಿದ ಮಕ್ಕಳು ನನ್ನ ಬಳಿ ಬಂದರು. ಕರೆದರು, ಕಿವಿಗೆ ಪುಕ್ಕ ಹಾಕಿ ತಿರುಗಿಸಿದರು. ನಾನು ಡ್ಯೂಟಿಯಲ್ಲಿದ್ದೆ, ಓಗೊಡಲಿಲ್ಲ. ಮೂಗಿನ ಕೆಳಗೆ ಕನ್ನಡಿ ಹಿಡಿದರು. ನನ್ನ ಪೊರಕೆ ಮೀಸೆ ಉಸಿರನ್ನೆಲ್ಲ ತಾನೇ ನುಂಗಿಕೊಂಡಿತು, ಕನ್ನಡಿ ಮಸುಕಾಗಲಿಲ್ಲ. ಎದೆಯ ಮೇಲೆ ‘ಜೀವ ಇಲ್ಲ’ ಎಂಬ ಚೀಟಿ ಬಿತ್ತು.

ಆಗಲೇ ಹೆಡ್‌ಮಿಸ್ ಬಂದರು. ಈಗ ಎದ್ದರೆ ನಿದ್ದೆ ಮಾಡುತ್ತಿದ್ದೆ ಎಂದು ಅಪಾರ್ಥ ಮಾಡಿಕೊಳ್ಳುತ್ತಾರೆ. ಹಾಗೇ ಕೂತೆ.

“ಇದೇನಮ್ಮಾ, ಮಕ್ಕಳು ಕಲ್ತಿದ್ದು ಇಷ್ಟೇನಾ?” ಎಂದು ಚೀಟಿ ಓದಿ ಅಣ್ಣನ ಮಗಳನ್ನು ಕೇಳಿದರು.

ತರಗತಿಯಲ್ಲೆಲ್ಲ ಗಿಡ್ಡಗಿರುವ, ಎಲ್ಲರೂ ಚೋಟು ಎನ್ನುವ ಹುಡುಗಿ ಮುಂದೆ ಬಂದಳು.

“ಮಿಸ್, ನಾನಿನ್ನೂ ಒಪ್ಪಿಲ್ಲ. ಜೀವ ಇದ್ರೆ ಬೆಳೀಬೇಕಲ್ವಾ? ಅದನ್ನ ಯಾರೂ ನೋಡೇ ಇಲ್ಲ.” ಸ್ಕೇಲ್ ತೆಗೆದು ನನ್ನ ಮೀಸೆ ಅಳೆದಳು. “ಮುಂದಿನ ವಾರ ಮತ್ತೆ ಅಳೀತೀನಿ. ಅಲ್ಲೀವರೆಗೂ ಏನೂ ಹೇಳಕ್ಕಾಗಲ್ಲ.”

ಹೆಡ್‌ಮಿಸ್ ಬಗ್ಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ನಂಗೂ ಈ ಅನುಮಾನ ಇದ್ದೇ ಇತ್ತು,” ಎಂದರು. “ಗೊತ್ತಾಗೋವರೆಗೂ ಪಾಠ ಹೊರಗೇ ನಡೀಲಿ.”

ಅಂದಿನಿಂದ ಮೀಸೆ ಅಳೆಯುವ ದಿನದ ಹಿಂದಿನ ಸಂಜೆ ಅಣ್ಣನ ಮಗಳು ಸ್ಕೇಲ್ ಹಿಡಿಯುತ್ತಾಳೆ, ನಾನು ಕತ್ತರಿ ಹಿಡಿಯುತ್ತೇನೆ. “ಚಿಕ್ಕಪ್ಪ, ಎಡಗಡೆ ಒಂಚೂರು ಉದ್ದ ಆಯ್ತು, ಅಲ್ಲಾಡ್ಬೇಡಿ” ಎನ್ನುತ್ತಾಳೆ. ಪ್ರತಿ ವಾರ ಚೋಟು ಅಳೆದು, ಮತ್ತೆ ಅದೇ ಅಳತೆ ಬಂತಲ್ಲ ಎಂದು ತಲೆ ಕೆರೆದುಕೊಳ್ಳುತ್ತಾಳೆ. ಮಕ್ಕಳು ಈಗ ಎರೆಹುಳು, ಕಪ್ಪೆ, ಜೇಡ ಎಲ್ಲ ಮುಗಿಸಿದ್ದಾರೆ. ನನ್ನ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.