ಅಂಗಳದ ಜಪ

ಉಮಾಟಾಕ್‌ ಎಂಬ ದ್ವೀಪದೂರಿನ ಇಗರ್ಜಿಯಲ್ಲಿ ಸಾವಿನ ಗಂಟೆ ಬಡಿದಾಗ ಎಂಗ್ರಾಸಿಯ ತನ್ನ ಮನೆಯ ಒಲೆಯಲ್ಲಿ ಜೀಗುಜ್ಜೆ ಸುಡುತ್ತಿದ್ದಳು. ಯಾರೆಂದು ಕೇಳಿದ್ದಕ್ಕೆ ನೆರೆಯವಳು ಬೇಲಿಯಾಚೆಯಿಂದ, "ನಿಮ್ಮ ಗೋಯೋನೇ ಕಣಮ್ಮ" ಎಂದಳು. ಒಡಹುಟ್ಟಿದ ತಮ್ಮ. ಅವನ ಹೆಂಡತಿ ಲೋಲಾ ಹೇಳಿಯೂ ಕಳಿಸಿರಲಿಲ್ಲ.

ಊರಲ್ಲಿ ಯಾರೇ ತೀರಿಕೊಳ್ಳಲಿ, ಒಂಬತ್ತು ಸಂಜೆಯ ಜಪಮಾಲೆ ನಡೆಸುವವಳು ಎಂಗ್ರಾಸಿಯಳೇ. ಸಂಜೆ ಕರಿ ಬಟ್ಟೆಯುಟ್ಟು ತಮ್ಮನ ಮನೆಗೆ ಹೊರಟಳು. ಅಂಗಳದಲ್ಲಿದ್ದ ಕಿರಿಯರೆಲ್ಲ ಬಾಗಿ, ಹಿರಿಯರಿಗೆ ಸಲ್ಲುವ ಮರ್ಯಾದೆಯಂತೆ, ಅವಳ ಕೈಯನ್ನು ಮೂಗಿಗೆ ತಾಗಿಸಿಕೊಂಡರು. ಲೋಲಾ ಮಾತ್ರ ಬಾಗಲಿಲ್ಲ. ಹೊಸ್ತಿಲಿಗೆ ಅಡ್ಡ ನಿಂತಳು.

"ಒಳಗೆ ಬರಬೇಡಿ ಅತ್ತಿಗೆ. ಇದು ಕುಡುಕನ ಮನೆ."

ಹಿಂದಿನ ಮಳೆಗಾಲದಲ್ಲಿ ಯಾರದೋ ಮನೆಯ ಜಪದಲ್ಲಿ, ಮೊಣಕಾಲೂರಿದ್ದ ಗೋಯೋ ಎದ್ದವನೇ ಕಣ್ಣು ತೇಲಿಸಿ ಬಿದ್ದಿದ್ದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಕಳ್ಳು ಕುಡಿದವನನ್ನು ಹೊರಗೆ ಹಾಕಿ ಎಂದು ಎಂಗ್ರಾಸಿಯ ಜಪ ನಿಲ್ಲಿಸಿ ಹೇಳಿದ್ದಳು. ಎತ್ತಿ ಅಂಗಳದಲ್ಲಿ ಕೂರಿಸಿದ್ದರು. ಅಪ್ಪನನ್ನು ತಿಂದ ಲಿಟಿಕೋ ಅವಳು ಕಾಣದ ರೋಗವಲ್ಲ. ಮನೆತನದ ರಕ್ತದಲ್ಲೇ ಇದೆಯೆಂದು ಊರು ಆಡಿಕೊಳ್ಳುವ ರೋಗ. ಮೊದಲು ಕೈ ಸೊರಗುತ್ತದೆ, ಆಮೇಲೆ ನಾಲಗೆ ತೊದಲುತ್ತದೆ. ಗೋಯೋ ಆಗಿನ್ನೂ ಕಡಲಿಗಿಳಿದು ಬಲೆ ಬೀಸುತ್ತಿದ್ದ, ಹಾಗಾಗಿ ಅವಳಿಗೆ ಆ ಗುಮಾನಿ ಬಂದಿರಲಿಲ್ಲ.

"ಡಾಕ್ಟ್ರು ಏನಂದ್ರು ಗೊತ್ತಾ?" ಎಂದಳು ಲೋಲಾ. "ಕೆಲವರಿಗೆ ಈ ರೋಗ ಹೀಗೂ ಬರುತ್ತಂತೆ. ಎದ್ದು ನಿಂತ್ರೆ ರಕ್ತ ತಲೆಗೇರಲ್ಲ. ಬೆವರು, ಉಚ್ಚೆ, ಯಾವ್ದೂ ಹಿಡಿತದಲ್ಲಿರಲ್ಲ. ಅವತ್ತಿನಿಂದ ನಮ್ಮೋರು ಒಂದು ಜಪಕ್ಕೂ ಹೋಗ್ಲಿಲ್ಲ. 'ಬೇಡ, ಅಕ್ಕ ಇರ್ತಾಳೆ' ಅನ್ನೋರು."

"ನಂಗೆ ತಿಳೀಲಿಲ್ಲ ಲೋಲಾ. ಅವನ ಜಪ ನಾನಲ್ದೆ ಇನ್ಯಾರು ಹೇಳ್ಬೇಕು?"

"ನಾನು ಹೇಳ್ತೀನಿ. ಬರದಿದ್ರೂ ಹೇಳ್ತೀನಿ. ನೀವು ಅವರನ್ನ ಕೂರಿಸಿದ್ರಲ್ಲ, ಅಲ್ಲೇ ಕೂತ್ಕೊಳ್ಳಿ, ಅಂಗಳದಲ್ಲಿ."

ಮುದುಕನೊಬ್ಬ ಎಂಗ್ರಾಸಿಯಳ ಕಿವಿಯಲ್ಲಿ, ಬನ್ನಿ, ನಿಮ್ಮ ಮನೆಯಲ್ಲೇ ನಡೆಸೋಣ, ಅರ್ಧ ಊರು ನಿಮ್ಮ ಹಿಂದೆ ಬರುತ್ತದೆ ಎಂದ. ಬರುತ್ತಿತ್ತು ಕೂಡ. ಬಾಯಿಪಾಠವಿಲ್ಲದವಳ ಜಪದಲ್ಲಿ ತಮ್ಮನ ಆತ್ಮ ದಾರಿ ತಪ್ಪೀತೆಂಬ ದಿಗಿಲು ಅವಳಿಗೂ ಇತ್ತು. ಸಿಟ್ಟೂ ಇತ್ತು. ಆದರೂ ಹೋಗಲಿಲ್ಲ, ಅಂಗಳದಲ್ಲೇ ಉಳಿದಳು.

ಲೋಲಾ ಶುರುಮಾಡಿದಳು. ಒಂದು ಕಡೆ ನಡುವೆಯೇ ಬಿಟ್ಟಳು, ಇನ್ನೊಂದು ಕಡೆ ಹೇಳಿದ್ದನ್ನೇ ಹೇಳಿದಳು. ತಪ್ಪಿದಾಗಲೆಲ್ಲ ಒಳಗಿದ್ದ ತಲೆಗಳು ಅಂಗಳದತ್ತ ತಿರುಗಿದವು. ಎಂಗ್ರಾಸಿಯ ಬಾಯಿ ತೆರೆಯಲಿಲ್ಲ. ಕೊನೆಯ ಪ್ರಾರ್ಥನೆಗೆ ಬಂದಾಗ ಲೋಲಾಳ ದನಿ ಸಂಪೂರ್ಣ ನಿಂತುಹೋಯಿತು. ಮುಂದಿನ ಮಾತು ಎಂಗ್ರಾಸಿಯಳ ನಾಲಗೆಯ ತುದಿಯಲ್ಲಿತ್ತು. ಅವಳು ಜಲ್ಲಿಕಲ್ಲಿನ ಮೇಲೆ ಮೊಣಕಾಲೂರಿ ಕಾದಳು. ಲೋಲಾ ಬಿಕ್ಕುತ್ತ, ತಡವರಿಸುತ್ತ, ತಾನೇ ಅದನ್ನು ಹುಡುಕಿಕೊಂಡಳು.

ಆಮೇಲಷ್ಟೇ ಎಂಗ್ರಾಸಿಯ ಎಲ್ಲರ ದನಿಯ ಹಿಂದೆ ತನ್ನ ದನಿ ಸೇರಿಸಿದಳು: "ಪ್ರಭುವೇ, ನಮ್ಮ ಗೋಯೋನನ್ನು ನಿನ್ನ ಬಳಿ ಕೂರಿಸಿಕೋ. ಅವನಿಗೆ ಶಾಂತಿ ಕೊಡು. ಆಮೆನ್."